ವೇದಿಕೆ ಬಾಡಿಗೆಯದು, ವಿಳಾಸದ ಪಟ್ಟಿ ನಿಮ್ಮದು
ಸಣ್ಣ ಉದ್ದಿಮೆಗೆ ಇ-ಮೇಲ್ ಮಾರ್ಕೆಟಿಂಗ್ ಸೇವೆ ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಗ್ರಾಹಕರಿಗೆ ನಿಯಮಿತವಾಗಿ ಇ-ಮೇಲ್ ಕಳಿಸೋಣ ಎಂದು ಹೊರಟ ಸಣ್ಣ ವ್ಯಾಪಾರಿಗೆ ಮೊದಲು ಸಿಗುವುದು ಪ್ಲಾಟ್‌ಫಾರ್ಮ್‌ಗಳ ಹೋಲಿಕೆ ಪಟ್ಟಿ. ಮೇಲ್‌ಚಿಂಪ್, ಬ್ರೆವೊ, ಮೇಲರ್‌ಲೈಟ್, ಜೋಹೊ ಕ್ಯಾಂಪೇನ್ಸ್ ಎಂದು ಪಕ್ಕಪಕ್ಕದಲ್ಲಿ ಹೆಸರುಗಳು, ಕೆಳಗೆ ಸಾಲುಸಾಲಾಗಿ ಹಸಿರು ಟಿಕ್ ಗುರುತುಗಳು. ಟೆಂಪ್ಲೇಟ್ ಇದೆಯೇ? ಎಲ್ಲದರಲ್ಲೂ ಇದೆ. ಆಟೊಮೇಷನ್, ವರದಿ, ವೆಬ್‌ಸೈಟಿಗೆ ಹಾಕುವ ಫಾರ್ಮ್? ಅವೂ ಇವೆ. ಹೀಗೆ ಎಲ್ಲವೂ ಒಂದೇ ಥರ ಕಾಣತೊಡಗಿದಾಗ ಕಣ್ಣು ಬೆಲೆಯ ಮೇಲೆ ಬೀಳುತ್ತದೆ, ‘ಉಚಿತ’ ಎಂದು ಬರೆದಿರುವುದು ಗೆಲ್ಲುತ್ತದೆ. ನಿಜವಾದ ವ್ಯತ್ಯಾಸಗಳಿರುವುದು ಈ ಟಿಕ್ ಗುರುತುಗಳು ಮುಟ್ಟದ ಮೂರು ಕಡೆ: ಬಿಲ್ಲನ್ನು ಯಾವುದರ ಲೆಕ್ಕದಲ್ಲಿ ಹಾಕುತ್ತಾರೆ, ಕಳಿಸಿದ ಮೇಲ್ ಯಾರ ಹೆಸರಿನಲ್ಲಿ ಇನ್‌ಬಾಕ್ಸ್ ತಲುಪುತ್ತದೆ, ಆ ಸೇವೆಯನ್ನು ಬಿಟ್ಟು ಹೊರಡುವ ದಿನ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ. ಪ್ಲಾಟ್‌ಫಾರ್ಮ್ ಎನ್ನುವುದು ಬಾಡಿಗೆ ಮಳಿಗೆ; ಅಂಗಡಿಯ ಹೆಸರು ಮತ್ತು ಗಿರಾಕಿಗಳ ನಂಟು ನಿಮ್ಮದು, ಗೋಡೆ ಮತ್ತು ಕಪಾಟು ಮಾಲೀಕರದು. ಆದ್ದರಿಂದ ಮೂರನೆಯ ಪ್ರಶ್ನೆಯನ್ನೇ ಎಲ್ಲಕ್ಕಿಂತ ಮೊದಲು ಕೇಳಬೇಕು, ಉಳಿದ ಎರಡರ ಉತ್ತರವೂ ಅದರಿಂದಲೇ ಹೊರಡುತ್ತದೆ ಎನ್ನುವುದು ಈ ಲೇಖನದ ವಾದ.

ವಾಟ್ಸ್‌ಆ್ಯಪ್ ಇರುವಾಗ ಇ-ಮೇಲ್ ಯಾಕೆ?

ಇದು ನ್ಯಾಯವಾದ ಆಕ್ಷೇಪ, ಕೆಲವರ ಮಟ್ಟಿಗೆ ಅದಕ್ಕೆ ಎದುರುತ್ತರವೂ ಇಲ್ಲ. ಬೀದಿಯ ದಿನಸಿ ಅಂಗಡಿ, ದರ್ಶಿನಿ, ಸಲೂನು ಇವುಗಳ ಗಿರಾಕಿ ವಾರಕ್ಕೊಮ್ಮೆಯಾದರೂ ಎದುರಿಗೇ ಬರುತ್ತಾನೆ. ಅವನಿಗೆ ಇ-ಮೇಲ್ ಕಳಿಸುವ ಖರ್ಚು ದಂಡ. ಆದರೆ ಚಿಕ್ಕಮಗಳೂರಿನಿಂದ ಕಾಫಿ ಪುಡಿಯನ್ನು ಕೊರಿಯರ್ ಮಾಡುವವರು, ಸಕಲೇಶಪುರದ ಹೋಂಸ್ಟೇ, ಕಂಪನಿಗಳಿಗೆ ಬಿಡಿಭಾಗ ಪೂರೈಸುವ ಪೀಣ್ಯದ ಘಟಕ, ಕನ್ನಡ ಪುಸ್ತಕ ಪ್ರಕಾಶಕರು ಇವರ ಗ್ರಾಹಕ ದೂರದಲ್ಲಿರುತ್ತಾನೆ, ಯಾವಾಗಲೋ ಒಮ್ಮೆ ಕೊಳ್ಳುತ್ತಾನೆ, ನಡುವಿನ ತಿಂಗಳುಗಳಲ್ಲಿ ಮರೆತೂ ಬಿಡುತ್ತಾನೆ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪಿನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನಕ್ಕಷ್ಟೇ ಜಾಗ. ಅವರಲ್ಲೂ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಅದನ್ನು ದಾಟಬೇಕಾದರೆ ಎಪಿಐ ಮೂಲಕ, ಮೆಟಾ ಒಪ್ಪಿದ ಟೆಂಪ್ಲೇಟಿನಲ್ಲಿ, ಪ್ರಚಾರದ ಸಂದೇಶಕ್ಕೆ ಹಣ ತೆತ್ತು ಕಳಿಸಬೇಕು. ಎಸ್‌ಎಂಎಸ್ ಆದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮಾವಳಿಯಂತೆ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಹೆಡರ್, ಟೆಂಪ್ಲೇಟ್ ಎಲ್ಲವನ್ನೂ ಮೊದಲೇ ನೋಂದಾಯಿಸಿರಬೇಕು. ಇ-ಮೇಲಿನಲ್ಲಿ ಏನು ಬರೆಯಬೇಕೆಂಬುದಕ್ಕೆ ಯಾರ ಪೂರ್ವಾನುಮತಿಯೂ ಬೇಡ, ಸಂದೇಶ ಉದ್ದವಾದರೆ ದುಡ್ಡು ಹೆಚ್ಚುವುದೂ ಇಲ್ಲ.

ಹಾಗಾದರೆ ಮಾಮೂಲಿ ಜಿಮೇಲ್‌ನಿಂದಲೇ ಎಲ್ಲರನ್ನೂ ಬಿಸಿಸಿಯಲ್ಲಿ ಹಾಕಿ ಕಳಿಸಿದರೆ ಸಾಲದೇ? ವೈಯಕ್ತಿಕ ಜಿಮೇಲ್ ಖಾತೆಗೆ ದಿನಕ್ಕೆ 500 ಮೇಲ್‌ಗಳ ಮಿತಿ ಇದೆ, ದುಡ್ಡು ಕೊಟ್ಟು ಪಡೆಯುವ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ 2000. ಮಿತಿಗಿಂತ ದೊಡ್ಡ ತೊಂದರೆ ಬೇರೆಯದು. ‘ನನಗೆ ಇನ್ನು ಬೇಡ’ ಎನ್ನುವವರಿಗೆ ಬಿಸಿಸಿ ಮೇಲ್‌ನಲ್ಲಿ ಒತ್ತಲು ಗುಂಡಿಯಿಲ್ಲ, ಹಾಗಾಗಿ ಅವರು ಸ್ಪ್ಯಾಮ್ ಗುಂಡಿಯನ್ನೇ ಒತ್ತುತ್ತಾರೆ. ಆ ಕಪ್ಪುಚುಕ್ಕೆ ನೀವು ದಿನನಿತ್ಯ ಇನ್‌ವಾಯ್ಸ್ ಕಳಿಸುವ ಅದೇ ವಿಳಾಸಕ್ಕೆ ಅಂಟುತ್ತದೆ. ಪ್ಲಾಟ್‌ಫಾರ್ಮ್ ಬೇಕಾಗುವುದು ಮುಖ್ಯವಾಗಿ ಇದಕ್ಕೆ.

ಬಿಡುವ ದಿನ ಕೈಯಲ್ಲಿ ಏನಿರುತ್ತದೆ?

ಸೇರುವ ಮೊದಲೇ ಬಿಡುವ ಮಾತೇಕೆ ಎಂದರೆ, ಈ ಕ್ಷೇತ್ರದ ಇತಿಹಾಸವೇ ಹಾಗಿದೆ. 2001ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಹುಟ್ಟಿದ ಮೇಲ್‌ಚಿಂಪ್ ಸಣ್ಣ ಉದ್ದಿಮೆಗಳ ಮನೆಮಾತಾದದ್ದು ಅದರ ಧಾರಾಳ ಉಚಿತ ಯೋಜನೆಯಿಂದ. 2021ರಲ್ಲಿ ಇಂಟ್ಯೂಟ್ ಕಂಪನಿ ಸುಮಾರು 1200 ಕೋಟಿ ಡಾಲರಿಗೆ ಅದನ್ನು ಕೊಂಡುಕೊಂಡಿತು. ಉಚಿತ ಯೋಜನೆಯಲ್ಲಿ ಮೊದಲಿದ್ದ 2000 ವಿಳಾಸಗಳ ಮಿತಿ ಮುಂದೆ 500ಕ್ಕೆ ಇಳಿಯಿತು. ಅದೇ ಮೇಲ್‌ಚಿಂಪ್‌ನ ಒಡೆತನದಲ್ಲಿದ್ದ ಟೈನಿಲೆಟರ್ ಎಂಬ ಸರಳ ಸೇವೆ 2024ರ ಫೆಬ್ರುವರಿ 29ರಂದು ಮುಚ್ಚಿತು. ಟ್ವಿಟರ್ ಕೊಂಡುಕೊಂಡಿದ್ದ ರೆವ್ಯೂ ಎಂಬ ಸುದ್ದಿಪತ್ರ ಸೇವೆ 2023ರ ಜನವರಿಯಲ್ಲಿ ನಿಂತುಹೋಯಿತು. ಇವರಲ್ಲಿ ಯಾರೂ ಗ್ರಾಹಕರಿಗೆ ಮೋಸ ಮಾಡಿದರೆಂದಲ್ಲ. ಉಚಿತ ಯೋಜನೆ ಕಂಪನಿಯ ಮಾರಾಟ ತಂತ್ರ, ತಂತ್ರ ಬದಲಾದಾಗ ಅದೂ ಬದಲಾಗುತ್ತದೆ. ಇಂದಿನ ಬೆಲೆಪಟ್ಟಿಯನ್ನು ನಂಬಿ ಮೂರು ವರ್ಷದ ಲೆಕ್ಕ ಹಾಕುವುದು ಜಾಣತನವಲ್ಲ.

ಹೊರಡುವಾಗ ಕೊಂಡೊಯ್ಯಬೇಕಾದದ್ದು ಬರೀ ವಿಳಾಸಗಳಲ್ಲ. ಪ್ರತಿಯೊಬ್ಬರೂ ಯಾವ ದಿನ, ಯಾವ ಫಾರ್ಮ್ ಮೂಲಕ ಒಪ್ಪಿಗೆ ಕೊಟ್ಟರು ಎಂಬ ದಾಖಲೆ ಬೇಕು. ಅದಕ್ಕಿಂತಲೂ ಮುಖ್ಯವಾಗಿ, ಬೇಡವೆಂದು ಬಿಟ್ಟವರ ಪಟ್ಟಿ ಬೇಕು. ಎಷ್ಟೋ ಜನ ಹೊಸ ಸೇವೆಗೆ ಹೋಗುವಾಗ ಇದನ್ನು ಹಿಂದೆ ಬಿಡುತ್ತಾರೆ; ಹಳೆಯ ಬಿಲ್ಲಿಂಗ್ ತಂತ್ರಾಂಶದಿಂದ ಎಲ್ಲ ವಿಳಾಸಗಳನ್ನೂ ಮತ್ತೆ ತುಂಬುತ್ತಾರೆ; ವರ್ಷದ ಹಿಂದೆ ಅನ್‌ಸಬ್‌ಸ್ಕ್ರೈಬ್ ಆದವರಿಗೆ ಮತ್ತೆ ಮೇಲ್ ಹೋಗುತ್ತದೆ, ದೂರು ಶುರುವಾಗುತ್ತದೆ. ಆದ್ದರಿಂದ ಖಾತೆ ತೆರೆದ ಕೂಡಲೇ ನಾಲ್ಕೈದು ಪರಿಚಿತರ ವಿಳಾಸ ಹಾಕಿ, ಒಬ್ಬರಿಂದ ಅನ್‌ಸಬ್‌ಸ್ಕ್ರೈಬ್ ಮಾಡಿಸಿ, ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆದು ನೋಡಿ. ಒಪ್ಪಿಗೆಯ ದಿನಾಂಕ ಬಂದಿದೆಯೇ, ಬಿಟ್ಟವರ ಸ್ಥಿತಿ ನಮೂದಾಗಿದೆಯೇ, ಕನ್ನಡದಲ್ಲಿ ಬರೆದ ಹೆಸರುಗಳು ಕನ್ನಡವಾಗಿಯೇ ಉಳಿದಿವೆಯೇ? ಇಷ್ಟನ್ನು ಉಚಿತ ಖಾತೆಯಲ್ಲೇ ನೋಡಿಕೊಳ್ಳಬಹುದು.

ಸಿಎಸ್‌ವಿಯಲ್ಲಿ ಬಾರದ ಸಂಗತಿಗಳೂ ಇವೆ. ಒಂದು ಸೇವೆಯಲ್ಲಿ ಕಟ್ಟಿದ ಟೆಂಪ್ಲೇಟ್, ಆಟೊಮೇಷನ್ ಇನ್ನೊಂದಕ್ಕೆ ಹೋಗುವುದಿಲ್ಲ, ಮೊದಲಿನಿಂದ ಕಟ್ಟಬೇಕು. ಹೆಚ್ಚು ಆಟೊಮೇಷನ್ ಇದ್ದಷ್ಟೂ ಒಳ್ಳೆಯದು ಎಂಬ ಮಾರಾಟದ ಮಾತನ್ನು ಈ ಬೆಳಕಿನಲ್ಲಿ ನೋಡಬೇಕು: ಪ್ರತಿ ಆಟೊಮೇಷನ್ನೂ ನಿಮ್ಮನ್ನು ಅಲ್ಲಿಗೆ ಕಟ್ಟಿಹಾಕುವ ಒಂದು ಗಂಟು. ಸಣ್ಣ ಉದ್ದಿಮೆಗೆ ಸಾಮಾನ್ಯವಾಗಿ ಎರಡು ಸಾಕು, ಸೇರಿದವರಿಗೆ ಸ್ವಾಗತದ ಮೇಲ್ ಒಂದು, ಬಹುಕಾಲ ಕೊಳ್ಳದವರಿಗೆ ನೆನಪಿನ ಮೇಲ್ ಒಂದು. ಇದೇ ರೀತಿ, ಪೊಟ್ಟಣದ ಮೇಲೆ ಅಚ್ಚಾಗುವ ಕ್ಯೂಆರ್ ಕೋಡ್ ಪ್ಲಾಟ್‌ಫಾರ್ಮ್ ಕೊಟ್ಟ ಫಾರ್ಮ್‌ಗೆ ನೇರವಾಗಿ ಹೋಗದಿರಲಿ. ನಿಮ್ಮದೇ ವೆಬ್‌ಸೈಟಿನ ಒಂದು ಪುಟಕ್ಕೆ ಹೋಗಿ ಅಲ್ಲಿಂದ ಫಾರ್ಮ್‌ಗೆ ತಿರುಗಲಿ. ಸೇವೆ ಬದಲಿಸಿದ ದಿನ ಆ ಒಂದು ಪುಟ ತಿದ್ದಿದರಾಯಿತು, ಅಚ್ಚು ಹಾಕಿಸಿದ ಐದು ಸಾವಿರ ಪೊಟ್ಟಣ ಹಾಳಾಗುವುದಿಲ್ಲ.

ಬಿಲ್ಲಿನ ಅಳತೆಗೋಲು

ಈ ಸೇವೆಗಳು ದುಡ್ಡು ಎಣಿಸುವ ಬಗೆ ಎರಡು. ಮೇಲ್‌ಚಿಂಪ್ ಥರದವು ಪಟ್ಟಿಯಲ್ಲಿ ಎಷ್ಟು ಜನರಿದ್ದಾರೆ ಎಂದು ನೋಡುತ್ತವೆ. ಹಿಂದೆ ಸೆಂಡಿನ್‌ಬ್ಲೂ ಎಂಬ ಹೆಸರಿದ್ದು 2023ರಲ್ಲಿ ಬ್ರೆವೊ ಆದ ಫ್ರೆಂಚ್ ಕಂಪನಿ ಎಷ್ಟು ಮೇಲ್ ಕಳಿಸಿದಿರಿ ಎಂದು ನೋಡುತ್ತದೆ. ಯಾವುದು ಅಗ್ಗ ಎಂದು ಬೆಲೆಪಟ್ಟಿ ನೋಡಿ ಹೇಳಲಾಗದು, ನಿಮ್ಮ ರೂಢಿ ನೋಡಿ ಹೇಳಬೇಕು. ಚಿಕ್ಕಮಗಳೂರಿನ ಆ ಕಾಫಿ ವ್ಯಾಪಾರದಲ್ಲಿ 3000 ವಿಳಾಸಗಳಿವೆ, ತಿಂಗಳಿಗೆ ಎರಡು ಮೇಲ್ ಹೋಗುತ್ತವೆ ಎಂದಿಟ್ಟುಕೊಳ್ಳೋಣ. ಒಟ್ಟು 6000 ಮೇಲ್. ಜನ ಹೆಚ್ಚು, ಮೇಲ್ ಕಡಿಮೆ. ಕಳಿಸಿದ ಲೆಕ್ಕದ ಬಿಲ್ ಅವರಿಗೆ ಹೊಂದುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರವೊಂದು 800 ವಿದ್ಯಾರ್ಥಿಗಳಿಗೆ ದಿನಕ್ಕೊಂದು ಪ್ರಚಲಿತ ಘಟನೆಗಳ ಮೇಲ್ ಕಳಿಸಿದರೆ ತಿಂಗಳಿಗೆ 24,000 ಮೇಲ್. ಅವರಿಗೆ ಜನರ ಲೆಕ್ಕದ ಬಿಲ್ ಸರಿ, ಆದರೆ ಅಂಥ ಯೋಜನೆಗಳಲ್ಲೂ ತಿಂಗಳಿಗೆ ಇಷ್ಟೇ ಮೇಲ್ ಎಂಬ ಮಿತಿ ಇರಬಹುದು, ಅದನ್ನು ನೋಡಿಕೊಳ್ಳಬೇಕು.

ಸಣ್ಣ ಅಕ್ಷರಗಳಲ್ಲಿ ಅಡಗಿರುವ ಎರಡು ಸಂಗತಿಗಳು ಬಿಲ್ಲನ್ನು ಏರಿಸುತ್ತವೆ ಅಥವಾ ಕೆಲಸ ಕೆಡಿಸುತ್ತವೆ. ಮೊದಲನೆಯದು ಎಣಿಕೆ. ಮೇಲ್‌ಚಿಂಪ್‌ನಲ್ಲಿ ಅನ್‌ಸಬ್‌ಸ್ಕ್ರೈಬ್ ಆದವರೂ ಲೆಕ್ಕಕ್ಕೆ ಸೇರುತ್ತಾರೆ. ಆರ್ಕೈವ್ ಮಾಡಿದರೆ ಮಾತ್ರ ಲೆಕ್ಕದಿಂದ ಹೊರಗೆ. ಮೇಲ್ ಕಳಿಸಲು ಸಾಧ್ಯವೇ ಇಲ್ಲದವರಿಗಾಗಿ ಹಣ ಕೊಡುತ್ತಿರುವುದು ಹಲವರಿಗೆ ಗೊತ್ತೇ ಇರುವುದಿಲ್ಲ. ಎರಡನೆಯದು ದಿನದ ಮಿತಿ. ಬ್ರೆವೊ ಉಚಿತ ಯೋಜನೆಯಲ್ಲಿ ದಿನಕ್ಕೆ 300 ಮೇಲ್ ಎಂಬುದು ಬಹುಕಾಲದ ಮಿತಿ. ತಿಂಗಳಿಗೆ 9000 ಎಂದು ಗುಣಿಸಿ ನೋಡಿದರೆ ಧಾರಾಳವೇ. ಆದರೆ ನಮ್ಮ ಕಾಫಿ ವ್ಯಾಪಾರಿ 3000 ಜನರಿಗೆ ದೀಪಾವಳಿ ರಿಯಾಯಿತಿ ತಿಳಿಸಬೇಕಾದರೆ ಅದಕ್ಕೆ ಹತ್ತು ದಿನ ಬೇಕು. ಕೊನೆಯವರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಹಬ್ಬ ಮುಗಿದಿರುತ್ತದೆ.

ಹಣ ಪಾವತಿಯ ದಾರಿಯೂ ಬೆಲೆಯಷ್ಟೇ ಮುಖ್ಯ. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್‌ನಿಂದ ಇ-ಮ್ಯಾಂಡೇಟ್ ನಿಯಮ ಜಾರಿಗೊಳಿಸಿದೆ. ಆ ವ್ಯವಸ್ಥೆಗೆ ಒಳಪಡದ ವಿದೇಶಿ ಸೇವೆಗಳಲ್ಲಿ ಪಾವತಿ ವಿಫಲವಾಗಿ, ಕಳಿಸಬೇಕಾದ ದಿನವೇ ಖಾತೆ ಸ್ಥಗಿತಗೊಂಡಿರಬಹುದು. ವಿದೇಶಿ ಸೇವೆ ಕೊಂಡ ಜಿಎಸ್‌ಟಿ ನೋಂದಾಯಿತ ಉದ್ದಿಮೆ ಶೇ 18ರ ತೆರಿಗೆಯನ್ನು ರಿವರ್ಸ್ ಚಾರ್ಜ್ ಆಗಿ ತಾನೇ ಕಟ್ಟಬೇಕಾಗುತ್ತದೆ; ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಅದರ ಇನ್‌ಪುಟ್ ಕ್ರೆಡಿಟ್ ಕೂಡ ಸಿಗುವುದಿಲ್ಲ. ರೂಪಾಯಿಯಲ್ಲಿ ಬಿಲ್ ಕೊಡುವ, ನಿಮ್ಮ ಜಿಎಸ್‌ಟಿ ಸಂಖ್ಯೆ ನಮೂದಿಸುವ ಜೋಹೊದಂಥ ಸೇವೆ ಮೇಲ್ನೋಟಕ್ಕೆ ತುಸು ದುಬಾರಿ ಎನಿಸಿದರೂ ಒಟ್ಟು ಲೆಕ್ಕದಲ್ಲಿ ಅಗ್ಗವಾಗಬಹುದು.

ಇನ್‌ಬಾಕ್ಸ್ ತಲುಪುವುದು ಯಾರ ಹೆಸರಿನಲ್ಲಿ?

‘ನಮ್ಮ ಮೇಲ್‌ಗಳು ಇನ್‌ಬಾಕ್ಸಿಗೇ ಹೋಗುತ್ತವೆ’ ಎಂದು ಎಲ್ಲ ಪ್ಲಾಟ್‌ಫಾರ್ಮ್‌ಗಳೂ ಹೇಳಿಕೊಳ್ಳುತ್ತವೆ. ಆ ತೀರ್ಮಾನ ಮಾಡುವವರು ಅವರಲ್ಲ, ಜಿಮೇಲ್ ಮತ್ತು ಯಾಹೂ ಥರದ ಸೇವೆಗಳು. 2024ರ ಫೆಬ್ರುವರಿಯಿಂದ ಇವೆರಡೂ ನಿಯಮ ಬಿಗಿ ಮಾಡಿವೆ. ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್‌ಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರ ಡೊಮೈನಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರೂ ದೃಢೀಕರಣ ದಾಖಲೆಗಳು (ವಿವರ ಮುಂದಿದೆ) ಇರಬೇಕು, ಒಂದೇ ಕ್ಲಿಕ್ಕಿನಲ್ಲಿ ಬಿಡುವ ಸೌಲಭ್ಯ ಇರಬೇಕು, ಬಿಟ್ಟವರನ್ನು ಎರಡು ದಿನದೊಳಗೆ ಪಟ್ಟಿಯಿಂದ ತೆಗೆಯಬೇಕು. ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು, ಶೇ 0.1ರ ಕೆಳಗಿದ್ದರೆ ಲೇಸು ಎನ್ನುತ್ತದೆ ಗೂಗಲ್. 3000 ಮೇಲ್‌ಗಳ ಲೆಕ್ಕದಲ್ಲಿ ಶೇ 0.3 ಎಂದರೆ ಕೇವಲ ಒಂಬತ್ತು ಜನ. ಒಂಬತ್ತು ಜನ ಬೇಸತ್ತು ಸ್ಪ್ಯಾಮ್ ಗುಂಡಿ ಒತ್ತಿದರೆ ಉಳಿದ 2991 ಜನರಿಗೆ ತಲುಪುವುದೂ ಕಷ್ಟವಾಗತೊಡಗುತ್ತದೆ. ಎಷ್ಟೇ ದುಬಾರಿ ಪ್ಲಾಟ್‌ಫಾರ್ಮ್ ಕೊಂಡರೂ ಈ ಲೆಕ್ಕ ಬದಲಾಗುವುದಿಲ್ಲ.

‘ನಾನು ದಿನಕ್ಕೆ ಐದು ಸಾವಿರ ಕಳಿಸುವುದೇ ಇಲ್ಲ, ನನಗೇಕೆ ಈ ತಾಂತ್ರಿಕ ತಲೆನೋವು?’ ಎಂದು ಕೇಳಬಹುದು. ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ ಒಂದಾದರೂ ಇರಲೇಬೇಕು. ಮೂರನ್ನೂ ಹಾಕಿಡುವುದು ಲೇಸು. ಅದಕ್ಕಿಂತ ಮುಖ್ಯವಾದ ಕಾರಣ ನಮ್ಮಲ್ಲಿನ ರೂಢಿ. ಅಂಗಡಿಯ ಹೆಸರಿನ ಮುಂದೆ ಜಿಮೇಲ್ ಡಾಟ್ ಕಾಮ್ ಎಂದಿರುವ ವಿಳಾಸವನ್ನೇ ಬೋರ್ಡಿನಲ್ಲೂ ಬಿಲ್ಲಿನಲ್ಲೂ ಅಚ್ಚು ಹಾಕಿಸಿರುತ್ತೇವೆ. ಆ ವಿಳಾಸವನ್ನು ‘ಇಂದ’ ಎಂಬ ಜಾಗದಲ್ಲಿ ಹಾಕಿ ಪ್ಲಾಟ್‌ಫಾರ್ಮ್ ಮೂಲಕ ಕಳಿಸಿದರೆ, ಗೂಗಲ್ ಕಳಿಸದ ಮೇಲ್ ಗೂಗಲ್ ಹೆಸರು ಹೊತ್ತು ಬಂದಂತಾಗಿ ತಪಾಸಣೆಯಲ್ಲಿ ಸೋಲುತ್ತದೆ. ಅದನ್ನು ತಪ್ಪಿಸಲು ಕೆಲವು ಸೇವೆಗಳು ನಿಮ್ಮ ವಿಳಾಸದ ಬದಲು ತಮ್ಮ ಡೊಮೈನಿನ ವಿಳಾಸ ಹಾಕಿ ಕಳಿಸುತ್ತವೆ. ಆಗ ನೀವು ವರ್ಷಗಟ್ಟಲೆ ಗಳಿಸುವ ಒಳ್ಳೆಯ ಹೆಸರು ಸೇರುವುದು ಅವರ ಡೊಮೈನಿಗೆ, ಬಿಟ್ಟುಹೋದ ದಿನ ಅದು ನಿಮ್ಮ ಜೊತೆ ಬರುವುದಿಲ್ಲ. ಸ್ವಂತ ಡೊಮೈನಿಗೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು ಖರ್ಚು. ಪ್ಲಾಟ್‌ಫಾರ್ಮ್ ಹುಡುಕುವ ಮೊದಲು ಮಾಡಬೇಕಾದ ಖರ್ಚು ಅದು.

ಮೂರು ದಾಖಲೆಗಳ ಕೆಲಸ ಹೆಸರು ಕೇಳಿದಷ್ಟು ಕಷ್ಟವಲ್ಲ. ನಿಮ್ಮ ಪರವಾಗಿ ಯಾವ ಸರ್ವರ್ ಕಳಿಸಬಹುದು ಎಂದು ಎಸ್‌ಪಿಎಫ್ ಹೇಳುತ್ತದೆ. ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂಬುದಕ್ಕೆ ಡಿಕೆಐಎಂ ಡಿಜಿಟಲ್ ಸಹಿ. ಇವೆರಡೂ ಸೋತರೆ ಮೇಲನ್ನು ಏನು ಮಾಡಬೇಕು ಎಂಬ ನಿಮ್ಮ ಸೂಚನೆಯೇ ಡಿಮಾರ್ಕ್. ಪ್ಲಾಟ್‌ಫಾರ್ಮ್ ಕೊಡುವ ಸಾಲುಗಳನ್ನು ಡೊಮೈನ್ ಕೊಂಡ ಕಡೆಯ ಡಿಎನ್‌ಎಸ್ ಪುಟದಲ್ಲಿ ಅಂಟಿಸಬೇಕು, ಅಷ್ಟೇ. ಸರಿಯಾಗಿದೆಯೇ ಎಂದು ನೋಡಲು ನಿಮ್ಮದೇ ಜಿಮೇಲ್‌ಗೆ ಒಂದು ಪ್ರಯೋಗದ ಮೇಲ್ ಕಳಿಸಿ, ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಬಲಗಡೆಯ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಆರಿಸಿ. ಮೇಲ್ಗಡೆಯ ಚಿಕ್ಕ ಕೋಷ್ಟಕದಲ್ಲಿ ಮೂರು ಹೆಸರುಗಳ ಎದುರೂ ‘ಪಾಸ್’ ಎಂದಿರಬೇಕು. ಡಿಕೆಐಎಂ ಎದುರು ಪ್ಲಾಟ್‌ಫಾರ್ಮ್‌ನ ಡೊಮೈನ್ ಮಾತ್ರ ಕಂಡು ನಿಮ್ಮದು ಕಾಣದಿದ್ದರೆ ಕೆಲಸ ಅರ್ಧವಾಗಿದೆ ಎಂದರ್ಥ. ಸ್ವಂತ ಡೊಮೈನಿನ ಸಹಿಗೆ ಯಾವ ಸೇವೆ ಅವಕಾಶವೇ ಕೊಡುವುದಿಲ್ಲವೋ, ಅಥವಾ ದುಬಾರಿ ಯೋಜನೆಯಲ್ಲಿ ಮಾತ್ರ ಕೊಡುತ್ತದೋ, ಅದನ್ನು ಪಟ್ಟಿಯಿಂದ ಹೊಡೆದುಹಾಕಬಹುದು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಎರಡು ಪರೀಕ್ಷೆ ಬೇಕು. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪಠ್ಯವನ್ನು ಹಾಗೇ ಅಂಟಿಸಿದರೆ ಓದುಗರಿಗೆ ಕಾಣುವುದು ಅರ್ಥವಿಲ್ಲದ ಅಕ್ಷರಗಳ ಗುಂಪು. ಯುನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು. ಇನ್ನೊಂದು ಗಾತ್ರದ ವಿಷಯ. ಸುಮಾರು 102 ಕಿಲೋಬೈಟ್ ದಾಟಿದ ಮೇಲನ್ನು ಜಿಮೇಲ್ ನಡುವೆ ಕತ್ತರಿಸಿ ತೋರಿಸುತ್ತದೆ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು, ಒತ್ತಕ್ಷರಕ್ಕೆ ಇನ್ನೂ ಹೆಚ್ಚು. ಪ್ಲಾಟ್‌ಫಾರ್ಮ್‌ನ ಅಲಂಕಾರದ ಟೆಂಪ್ಲೇಟ್ ಅದಾಗಲೇ ಭಾರವಾಗಿದ್ದರೆ ಉದ್ದದ ಕನ್ನಡ ಮೇಲ್ ಮಿತಿಯನ್ನು ಬೇಗ ಮುಟ್ಟುತ್ತದೆ, ಕತ್ತರಿ ಬೀಳುವುದು ಕೊನೆಗೆ, ಅನ್‌ಸಬ್‌ಸ್ಕ್ರೈಬ್ ಕೊಂಡಿ ಇರುವುದೂ ಅಲ್ಲೇ. ಬಿಡುವ ಕೊಂಡಿ ಕಾಣದವರು ಏನು ಮಾಡುತ್ತಾರೆಂದು ಆಗಲೇ ನೋಡಿದೆವು. ಕನ್ನಡಕ್ಕೆ ಸರಳವಾದ, ಪಠ್ಯವೇ ಮುಖ್ಯವಾದ ಟೆಂಪ್ಲೇಟ್ ಆರಿಸಿಕೊಳ್ಳುವುದು ವಾಸಿ.

ನಾವೇ ನಡೆಸಿಕೊಂಡರೆ?

ಬಾಡಿಗೆಯ ಗೊಡವೆಯೇ ಬೇಡ, ಸ್ವಂತ ವ್ಯವಸ್ಥೆ ಮಾಡಿಕೊಳ್ಳೋಣ ಎಂಬ ವಾದಕ್ಕೆ ಬೆಂಗಳೂರಿನಲ್ಲೇ ಒಳ್ಳೆಯ ಆಧಾರವಿದೆ. ಜೆರೋಧಾ ಕಂಪನಿಯ ಮುಖ್ಯ ತಾಂತ್ರಿಕ ಅಧಿಕಾರಿ ಕೈಲಾಶ್ ನಾಧ್ ರೂಪಿಸಿದ ಲಿಸ್ಟ್‌ಮಂಕ್ ಎಂಬ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಅದನ್ನು ಮೇಲ್ ರವಾನಿಸುವ ಅಮೆಜಾನ್ ಎಸ್‌ಇಎಸ್ ಸೇವೆಗೆ ಜೋಡಿಸಿದರೆ ಸಾವಿರ ಮೇಲ್‌ಗೆ 10 ಸೆಂಟ್ ದರ. ನಮ್ಮ ಕಾಫಿ ವ್ಯಾಪಾರಿಯ 6000 ಮೇಲ್‌ಗೆ ತಿಂಗಳಿಗೆ ಒಂದು ಡಾಲರೂ ಆಗುವುದಿಲ್ಲ, ಸರ್ವರ್ ಬಾಡಿಗೆ ಬೇರೆ. ಬಿಡುವ ಸ್ವಾತಂತ್ರ್ಯವೇ ಮುಖ್ಯ ಎಂಬ ನನ್ನ ವಾದಕ್ಕೆ ಇದೇ ಸರಿಯಾದ ಉತ್ತರ ಎನಿಸಬಹುದು. ಆದರೆ ಎಸ್‌ಇಎಸ್ ಹೊಸ ಖಾತೆಗೆ ದಿನಕ್ಕೆ 200 ಮೇಲ್, ಅದೂ ದೃಢೀಕರಿಸಿದ ವಿಳಾಸಗಳಿಗೆ ಮಾತ್ರ ಎಂಬ ಕಟ್ಟು ಹಾಕುತ್ತದೆ. ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಮುಟ್ಟದೆ ಮರಳುವ ಮೇಲ್‌ಗಳು ಶೇ 5 ಆದರೆ ಖಾತೆ ಪರಿಶೀಲನೆಗೆ ಒಳಗಾಗಬಹುದು, ಶೇ 10 ದಾಟಿದರೆ ತಡೆಹಿಡಿಯಬಹುದು. ಸರ್ವರಿನ ಬ್ಯಾಕಪ್, ಭದ್ರತೆ, ಅಪ್‌ಡೇಟ್ ಎಲ್ಲ ನಿಮ್ಮ ಹೆಗಲಿಗೆ. ನಿತ್ಯ ಇದನ್ನು ನೋಡಿಕೊಳ್ಳುವ ಒಬ್ಬರು ನಿಮ್ಮಲ್ಲಿದ್ದರೆ ಖಂಡಿತ ಇದೇ ದಾರಿ ಹಿಡಿಯಿರಿ. ಪರಿಚಯದ ಹುಡುಗನೊಬ್ಬ ಹಾಕಿಕೊಟ್ಟು ಹೋಗುವುದಾದರೆ ಬೇಡ. ಆಗ ಪ್ಲಾಟ್‌ಫಾರ್ಮ್ ಹಂಗು ತಪ್ಪಿ ಆ ಹುಡುಗನ ಹಂಗಿಗೆ ಬಿದ್ದಿರುತ್ತೀರಿ.

ಒಪ್ಪಿಗೆಯ ಲೆಕ್ಕ

ಪಟ್ಟಿ ನಿಮ್ಮದು ಎಂದ ಮೇಲೆ ಅದರ ಹೊಣೆಯೂ ನಿಮ್ಮದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಕಾಯ್ದೆಯಂತೆ ಒಪ್ಪಿಗೆ ನಿರ್ದಿಷ್ಟ ಉದ್ದೇಶಕ್ಕಾಗಿ, ಸ್ಪಷ್ಟವಾಗಿ ಇರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು. ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಕನ್ನಡವೂ ಸೇರಿದಂತೆ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ನಿಮ್ಮ ಪರವಾಗಿ ದತ್ತಾಂಶ ಇಟ್ಟುಕೊಂಡ ಪ್ಲಾಟ್‌ಫಾರ್ಮ್ ತಪ್ಪಿದರೂ ಗ್ರಾಹಕರಿಗೆ ಉತ್ತರ ಹೇಳಬೇಕಾದವರು ನೀವು. ವಸ್ತುಪ್ರದರ್ಶನದಲ್ಲಿ ಯಾರೋ ಮಾರುವ ‘ಒಂದು ಲಕ್ಷ ವಿಳಾಸಗಳ’ ಪೆನ್‌ಡ್ರೈವ್ ಕಾನೂನಿನ ದೃಷ್ಟಿಯಿಂದಲೂ ಅಪಾಯ, ಮೇಲೆ ಹೇಳಿದ ಒಂಬತ್ತು ಜನರ ಲೆಕ್ಕದಿಂದಲೂ ಅಪಾಯ. ಕನ್ನಡದಲ್ಲಿ ಒಪ್ಪಿಗೆಯ ಫಾರ್ಮ್ ಮಾಡಲು ಬರುತ್ತದೆಯೇ, ವಿಳಾಸ ಕೊಟ್ಟವರಿಗೆ ದೃಢೀಕರಣದ ಮೇಲ್ ಕನ್ನಡದಲ್ಲಿ ಹೋಗುತ್ತದೆಯೇ ಎಂದು ಆರಿಸುವಾಗಲೇ ನೋಡಿಕೊಳ್ಳಿ.

ಇನ್ನು ವರದಿಗಳ ಬಗ್ಗೆ ಒಂದೇ ಮಾತು. ಎಷ್ಟು ಜನ ಮೇಲ್ ತೆರೆದರು ಎಂಬ ಓಪನ್ ರೇಟ್ ತೋರಿಸಿ ಹೆಚ್ಚಿನ ಯೋಜನೆ ಮಾರುವುದುಂಟು. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪಿನಲ್ಲಿ ಖಾಸಗಿತನದ ಸೌಲಭ್ಯ ತಂದಾಗಿನಿಂದ, ಆ ಸೌಲಭ್ಯ ಬಳಸುವವರು ಓದದಿದ್ದರೂ ಚಿತ್ರಗಳು ಮೊದಲೇ ಇಳಿದು ಮೇಲ್ ತೆರೆದಂತೆ ದಾಖಲಾಗುತ್ತದೆ. ನಂಬಬೇಕಾದದ್ದು ಕ್ಲಿಕ್, ಮರುಉತ್ತರ ಮತ್ತು ಆರ್ಡರ್. ಆರ್ಡರಿನ ಲೆಕ್ಕ ನಿಮ್ಮ ಬಿಲ್ ಪುಸ್ತಕದಲ್ಲೇ ಇದೆ, ಅದಕ್ಕೆ ಹೆಚ್ಚಿನ ಚಂದಾ ಬೇಡ.

ಹೀಗೆ ನೋಡಿದರೆ ಕೆಲಸದ ಕ್ರಮ ಸ್ಪಷ್ಟ. ಮೊದಲು ಸ್ವಂತ ಡೊಮೈನ್ ಕೊಳ್ಳಿ. ಒಪ್ಪಿಗೆ ಕೊಟ್ಟವರ ಪಟ್ಟಿಯನ್ನು ನಿಮ್ಮ ಕಂಪ್ಯೂಟರಿನಲ್ಲೇ ಒಂದು ಕಡೆ ಇಡಿ. ಮುಂದಿನ ಒಂದು ವರ್ಷದಲ್ಲಿ ಎಷ್ಟು ಜನ, ತಿಂಗಳಿಗೆ ಎಷ್ಟು ಮೇಲ್ ಎಂದು ಅಂದಾಜಿಸಿ, ಯಾವ ಬಗೆಯ ಬಿಲ್ ಹೊಂದುತ್ತದೆಂದು ತೀರ್ಮಾನಿಸಿ. ಆ ಬಗೆಯ ಎರಡು ಸೇವೆಗಳಲ್ಲಿ ಉಚಿತ ಖಾತೆ ತೆರೆದು, ಸಿಎಸ್‌ವಿ ಇಳಿಸುವ, ‘ಪಾಸ್’ ನೋಡುವ, ಕನ್ನಡ ಮೇಲ್ ಕಳಿಸುವ ಪರೀಕ್ಷೆಗಳನ್ನು ಮಾಡಿ. ಎರಡೂ ತೇರ್ಗಡೆಯಾದರೆ ರೂಪಾಯಿ ಬಿಲ್ ಕೊಡುವುದನ್ನು ಆರಿಸಿ, ಅದೂ ಸಮವಾದರೆ ಅಗ್ಗದ್ದನ್ನು. ಮೊದಲ ವರ್ಷ ತಿಂಗಳ ಲೆಕ್ಕದಲ್ಲೇ ಹಣ ಕಟ್ಟಿ. ವರ್ಷದ ಹಣ ಒಟ್ಟಿಗೆ ಕೊಟ್ಟರೆ ಸಿಗುವ ರಿಯಾಯಿತಿಗಿಂತ ಬೇಕೆಂದಾಗ ಬಿಡುವ ಅನುಕೂಲಕ್ಕೆ ಬೆಲೆ ಹೆಚ್ಚು. ಆರು ತಿಂಗಳಿಗೊಮ್ಮೆ ಪಟ್ಟಿಯನ್ನು ಇಳಿಸಿಕೊಂಡು ಜೋಪಾನ ಮಾಡಿ. ಇಷ್ಟು ಮಾಡಿಕೊಂಡವರು ಆರಿಸಿದ ಸೇವೆ ಸ್ವಲ್ಪ ತಪ್ಪಾದರೂ ಒಂದು ವಾರದ ಕೆಲಸದಲ್ಲಿ ಸರಿಮಾಡಿಕೊಳ್ಳಬಹುದು.